ಮುಯ್ಯಾಳಿನ ಲೆಕ್ಕ

ಬೆಂಗಳೂರನ್ನು ಒಂದು ಕಾಲಕ್ಕೆ ‘ಪಿಂಚಣಿದಾರರ ಸ್ವರ್ಗ’ ಎಂದು ಕರೆಯುತ್ತಿದ್ದರು. ಮಲ್ಲೇಶ್ವರ, ಬಸವನಗುಡಿ, ಜಯನಗರಗಳ ಮರಗಳ ನೆರಳಿನಲ್ಲಿ, ಮನೆಯ ಜಗುಲಿಯ ಮೇಲೆ ಕುಳಿತು ಪತ್ರಿಕೆ ಓದುವ ನಿವೃತ್ತ ನೌಕರನ ಚಿತ್ರ ಆ ಹೆಸರಿನ ಹಿಂದಿತ್ತು. ಆ ಜಗುಲಿಗಳು ಈಗ ವಿರಳವಾಗಿವೆ. ಸ್ವರ್ಗವು ವರ್ತುಲ ರಸ್ತೆಗಳನ್ನು ದಾಟಿ ದೇವನಹಳ್ಳಿ, ಕನಕಪುರ ರಸ್ತೆ, ಸರ್ಜಾಪುರಗಳ ಕಡೆಗೆ ಸ್ಥಳಾಂತರಗೊಂಡಿದೆ. ‘ಹಿರಿಯ ನಾಗರಿಕರ ವಸತಿ ಸಮುಚ್ಚಯ’ ಎಂಬ ಹೊಸ ಹೆಸರನ್ನೂ ಪಡೆದಿದೆ. ಮಕ್ಕಳು ವಿದೇಶದಲ್ಲೋ ದೂರದ ನಗರಗಳಲ್ಲೋ ನೆಲೆಸಿರುವ, ಪಿಂಚಣಿಯೋ ಉಳಿತಾಯದ ಬಡ್ಡಿಯೋ ಕೈಯಲ್ಲಿರುವ ದಂಪತಿಗಳು ಅಲ್ಲಿ ಕೂಡಿ ಬಾಳುತ್ತಾರೆ. 2018ರಲ್ಲಿ ಸರ್ಕಾರಿ ಸೇವೆಯಿಂದ ನಿವೃತ್ತನಾದ ನಾನೂ ನನ್ನ ಪತ್ನಿಯೂ ಮರುವರ್ಷವೇ ಇಂಥದೊಂದು ಸಮುಚ್ಚಯದ ನಿವಾಸಿಗಳಾದೆವು.

ಬಚ್ಚಲಿನಲ್ಲಿ ಜಾರದ ಹಾಸುಗಲ್ಲು, ಗೋಡೆಗೆ ಹಿಡಿಕೆ, ಮಂಚದ ಪಕ್ಕದಲ್ಲಿ ಕರೆಗಂಟೆ, ವಾರಕ್ಕೆರಡು ಬಾರಿ ವೈದ್ಯರ ಭೇಟಿ ಮುಂತಾಗಿ ಕರಪತ್ರದಲ್ಲಿ ಹೇಳಿದ್ದೆಲ್ಲವೂ ಇತ್ತು. ಕರಪತ್ರದಲ್ಲಿ ಹೇಳದೇ ಇದ್ದದ್ದು, ಆ ಕರೆಗಂಟೆಗೆ ಓಗೊಡುವವರು ಯಾರು ಎಂಬುದು. ಅವರಲ್ಲಿ ಎರಡು ಗುಂಪಿನ ಜನರಿದ್ದರು. ಮೊದಲನೆಯವರು ಆವರಣದ ಗೋಡೆಗೆ ಹೊಂದಿಕೊಂಡ ಹಳ್ಳಿಯವರು. ನಮಗೆ ಹಾಲು ತಂದುಕೊಡುವ ಹೆಣ್ಣುಮಗಳು ಮೊದಲ ವಾರವೇ ನನ್ನ ಪತ್ನಿಗೆ ಸಹಜವಾಗಿ ಹೇಳಿದ್ದಳು: ‘ಇದೇ ಜಾಗದಾಗೆ ನಮ್ದು ರಾಗಿ ಹೊಲ ಇತ್ತಮ್ಮ.’ ಆ ಮಾತಿನಲ್ಲಿ ದೂರು ಇರಲಿಲ್ಲ. ಆದರೂ ಅಂದಿನಿಂದ ಆ ಹುಲ್ಲುಹಾಸಿನ ಮೇಲೆ ನಡೆಯುವಾಗ ನನಗೆ ಕೊಂಚ ಸಂಕೋಚವಾಗುತ್ತದೆ. ಎರಡನೆಯವರು ಉತ್ತರದಿಂದ ಬಂದವರು. ಕೊಪ್ಪಳ, ರಾಯಚೂರು, ಯಾದಗಿರಿ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕೆಂದು ಬಂದು, ಕಟ್ಟಡ ಮುಗಿದ ಮೇಲೆ ಅದನ್ನೇ ಕಾಯುವವರು, ಗುಡಿಸುವವರು ಆಗಿ ಉಳಿದವರು.

ಒಂದು ಮುಂಜಾನೆ ವಾಯುವಿಹಾರಕ್ಕೆ ಹೊರಟಾಗ ಗೇಟಿನ ಕಾವಲುಗಾರ ಯಾರೊಡನೆಯೋ ದೂರವಾಣಿಯಲ್ಲಿ ಮಾತನಾಡುತ್ತಿದ್ದುದು ಕಿವಿಗೆ ಬಿತ್ತು. ಆ ಮಾತಿನ ಧಾಟಿ ನಾನು ಹುಟ್ಟಿ ಬೆಳೆದ ನೆಲದ್ದು. ‘ಯಾವ ಊರಪಾ ನಿಂದು?’ ಎಂದು ಕೇಳಿದೆ. ‘ಕುಷ್ಟಗಿ ತಾಲೂಕ್ರೀ ಸರ, ತಾವರಗೇರಾ’ ಎಂದ. ನಲವತ್ತು ವರ್ಷಗಳಿಂದ ನಾನು ಆಡದೇ ಇದ್ದ ಭಾಷೆ ತಾನಾಗಿ ನಾಲಗೆಗೆ ಬಂತು. ನನ್ನದೂ ಅದೇ ಊರು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಓದಿ, ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ, ನೌಕರಿ ಹಿಡಿದು ಹೊರಟವನು, ತಂದೆತಾಯಿ ತೀರಿಕೊಂಡ ಮೇಲೆ ಮದುವೆ, ತಿಥಿಗಳ ಹೊರತು ಆ ಕಡೆ ಹೋದವನಲ್ಲ.

ದಿನನಿತ್ಯದ ಸಣ್ಣ ಉಪಕಾರಗಳಿಗೆ ಇತಿಹಾಸದಲ್ಲಿ ಸ್ಥಾನವಿಲ್ಲ. ಆದರೆ ವೃದ್ಧಾಪ್ಯವು ಅವುಗಳ ಮೇಲೆಯೇ ನಿಂತಿದೆ. ಔಷಧದ ಶೀಶೆಯ ಮುಚ್ಚಳ ತೆರೆದುಕೊಡುವುದು, ಅನಿಲದ ಸಿಲಿಂಡರನ್ನು ಅಡುಗೆಮನೆಯವರೆಗೆ ಉರುಳಿಸಿ ತರುವುದು, ಅಮೆರಿಕದಲ್ಲಿರುವ ಮೊಮ್ಮಗಳ ಮುಖ ಮೊಬೈಲಿನಲ್ಲಿ ಕಾಣಿಸುವಂತೆ ಮಾಡಿಕೊಡುವುದು, ಇವೆಲ್ಲ ಯಾರ ಕೆಲಸದ ಪಟ್ಟಿಯಲ್ಲಿಯೂ ಇರದ ಕೆಲಸಗಳು. ಪ್ರತಿಯಾಗಿ ನಿವಾಸಿಗಳೂ ಸುಮ್ಮನಿರಲಿಲ್ಲ. ನಿವೃತ್ತ ವೈದ್ಯರೊಬ್ಬರು ಹಳ್ಳಿಯವರ ರಕ್ತದೊತ್ತಡ ಪರೀಕ್ಷಿಸುತ್ತಿದ್ದರು. ಬ್ಯಾಂಕಿನಲ್ಲಿದ್ದವರೊಬ್ಬರು ಕಾವಲುಗಾರರಿಗೆ ಖಾತೆ ತೆರೆಸಿಕೊಟ್ಟರು. ಎಪ್ಪತ್ತೆಂಟು ವರ್ಷದ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ ಸಂಜೆಯ ಹೊತ್ತು ಕಸ ಗುಡಿಸುವವರ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. 2020ರ ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿಕೊಂಡಾಗ, ಊರಿಗೆ ಹೋಗಲು ಬಸ್ಸಿಲ್ಲದೆ ಉಳಿದ ಹನ್ನೊಂದು ಮಂದಿಗೆ ನಮ್ಮ ಸಭಾಂಗಣವೇ ವಸತಿಯಾಯಿತು. ಗೋಡೆಯಾಚೆಯ ಹಳ್ಳಿಯವರು ತರಕಾರಿಯ ಬುಟ್ಟಿಗಳನ್ನು ಗೇಟಿನಲ್ಲಿಟ್ಟು ಹೋಗುತ್ತಿದ್ದರು. ಆ ದಿನಗಳಲ್ಲಿ ಯಾರೂ ಲೆಕ್ಕ ಬರೆಯಲಿಲ್ಲ.

ಲೆಕ್ಕ ಬರೆಯಲು ಹೊರಟವನು ನಾನು. ಈ ಲೇಖನ ಬರೆಯಲು ಅದೇ ಕಾರಣ.

2022ರಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿಯ ಹೊಣೆ ನನ್ನ ಪಾಲಿಗೆ ಬಂತು. ಸಭೆಗಳಲ್ಲಿ ದೂರುಗಳು ಏಳತೊಡಗಿದ್ದವು. ಕೈಬಿಚ್ಚಿ ಇನಾಮು ಕೊಡುವವರ ಮನೆಗೆ ಸಿಬ್ಬಂದಿ ಬೇಗ ಹೋಗುತ್ತಾರೆ, ಕೊಡಲಾಗದವರು ಕಾಯಬೇಕಾಗುತ್ತದೆ ಎಂಬುದು ಒಂದು ದೂರು. ಕೆಲವರು ಸಿಬ್ಬಂದಿಯನ್ನು ಸ್ವಂತ ಆಳುಗಳಂತೆ ದುಡಿಸಿಕೊಳ್ಳುತ್ತಾರೆ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿತ್ತು. ಮೂರೂವರೆ ದಶಕ ಕಡತಗಳ ನಡುವೆ ಬದುಕಿದ ನನಗೆ ಪರಿಹಾರವಾಗಿ ಹೊಳೆದದ್ದು ಒಂದು ಸುತ್ತೋಲೆ. ಔಷಧ ತಂದುಕೊಟ್ಟರೆ 30 ರೂಪಾಯಿ, ಗಾಲಿಕುರ್ಚಿ ತಳ್ಳಿದರೆ 40 ರೂಪಾಯಿ, ಆಸ್ಪತ್ರೆಗೆ ಜೊತೆಯಲ್ಲಿ ಹೋದರೆ ಗಂಟೆಗೆ 150 ರೂಪಾಯಿ ಎಂದು ದರಪಟ್ಟಿ ಮಾಡಿದೆ. ಖಾಸಗಿಯಾಗಿ ಹಣವನ್ನಾಗಲಿ ತಿಂಡಿಯನ್ನಾಗಲಿ ಕೊಡತಕ್ಕದ್ದಲ್ಲ ಎಂದೂ, ಕಾವಲುಗಾರರು ಯಾವುದೇ ಕಾರಣಕ್ಕೂ ಕರ್ತವ್ಯದ ಸ್ಥಳವನ್ನು ತೊರೆಯತಕ್ಕದ್ದಲ್ಲ ಎಂದೂ ಸೇರಿಸಿದೆ. ಸಭೆ ಸುತ್ತೋಲೆಯನ್ನು ಚಪ್ಪಾಳೆಯೊಂದಿಗೆ ಅಂಗೀಕರಿಸಿತು. ಕರಡು ಬಹಳ ಚೆನ್ನಾಗಿದೆ ಎಂದು ಹಲವರು ಬಂದು ಹೇಳಿದರು. ನನಗೆ ಸಂತೋಷವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಪರಿಣಾಮವನ್ನು ಗುರುತಿಸಲು ಕೆಲವು ತಿಂಗಳು ಬೇಕಾದವು. ದೂರುಗಳು ನಿಂತವು, ಅದು ನಿಜ. ಅದರೊಂದಿಗೆ ಮಾತುಕತೆಯೂ ನಿಂತಿತು. 30 ರೂಪಾಯಿ ಕೊಟ್ಟವರಿಗೆ ‘ಉಪಕಾರವಾಯಿತಪ್ಪಾ’ ಎನ್ನುವ ಅಗತ್ಯ ಕಾಣಲಿಲ್ಲ. ಪಡೆದವರಿಗೆ ‘ಕೆಮ್ಮು ಹೆಂಗೈತ್ರೀ ಈಗ’ ಎಂದು ಕೇಳುವ ಸಲಿಗೆ ಉಳಿಯಲಿಲ್ಲ. ಮೊದಲು ಸಂಕೋಚದಿಂದ ದಿನಕ್ಕೊಮ್ಮೆ ಕರೆಯುತ್ತಿದ್ದವರು ಈಗ ಹಣ ಕೊಡುತ್ತೇವಲ್ಲ ಎಂದು ಮೂರು ಬಾರಿ ಕರೆಯತೊಡಗಿದರು. ಹಬ್ಬದ ದಿನ ಹೋಳಿಗೆಯ ತಟ್ಟೆ ಹಿಡಿದು ಗೇಟಿನವರೆಗೆ ಹೋದ ನನ್ನ ಪತ್ನಿ, ಸುತ್ತೋಲೆಯ ನೆನಪಾಗಿ ತಟ್ಟೆಯೊಂದಿಗೆ ಹಿಂದಿರುಗಿದಳು. ಅಂದು ಮನೆಯಲ್ಲಿ ನನ್ನೊಡನೆ ಹೆಚ್ಚು ಮಾತನಾಡಲಿಲ್ಲ.

ನಾನು ಓದಿದ ಶಾಸ್ತ್ರವೇ ಇದರ ಬಗ್ಗೆ ಎಚ್ಚರಿಕೆ ನೀಡಿತ್ತು. ಇಸ್ರೇಲಿನ ಹೈಫಾ ನಗರದ ಹತ್ತು ಶಿಶುವಿಹಾರಗಳಲ್ಲಿ ಉರಿ ನೀಜಿ ಮತ್ತು ಆಲ್ಡೊ ರುಸ್ತಿಕೀನಿ ಎಂಬ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಕೆಲವು ಶಿಶುವಿಹಾರಗಳಲ್ಲಿ ದಂಡ ವಿಧಿಸಲಾಯಿತು. ತಡವಾಗಿ ಬರುವವರ ಸಂಖ್ಯೆ ಇಳಿಯುವ ಬದಲು ಏರಿತು. ಶಿಕ್ಷಕಿಯನ್ನು ಕಾಯಿಸುತ್ತಿದ್ದೇವೆ ಎಂಬ ಅಳುಕಿನ ಜಾಗದಲ್ಲಿ, ಹಣ ಕೊಟ್ಟು ಸಮಯ ಕೊಂಡಿದ್ದೇವೆ ಎಂಬ ಭಾವನೆ ಬಂದಿತ್ತು. ದಂಡವನ್ನು ರದ್ದುಪಡಿಸಿದ ಮೇಲೂ ಹಳೆಯ ಅಳುಕು ಮರಳಿ ಬರಲಿಲ್ಲ. ಇದಕ್ಕೂ ಮೂರು ದಶಕ ಮೊದಲೇ, 1970ರಲ್ಲಿ, ರಿಚರ್ಡ್ ಟಿಟ್ಮಸ್ ಎಂಬ ಬ್ರಿಟಿಷ್ ವಿದ್ವಾಂಸರು ರಕ್ತದಾನವನ್ನು ಕುರಿತು ಬರೆದ ಗ್ರಂಥದಲ್ಲಿ, ಹಣ ಕೊಟ್ಟು ರಕ್ತ ಪಡೆಯುವ ಪದ್ಧತಿಯು ದಾನ ಮಾಡುವ ಪ್ರವೃತ್ತಿಯನ್ನೇ ಕುಗ್ಗಿಸುತ್ತದೆ ಎಂದು ವಾದಿಸಿದ್ದರು. ಇವನ್ನೆಲ್ಲ ನಾನು ಓದಿದ್ದೆ. ಓದಿದ್ದು ಒಂದು ಕಪಾಟಿನಲ್ಲಿ, ಸುತ್ತೋಲೆ ಇನ್ನೊಂದು ಕಪಾಟಿನಲ್ಲಿ ಇದ್ದವು ಎಂದಷ್ಟೇ ಹೇಳಬಹುದು.

2023ರ ಮಳೆಗಾಲದ ಒಂದು ರಾತ್ರಿ ಈ ಲೆಕ್ಕಾಚಾರ ತಲೆಕೆಳಗಾಯಿತು. ಜೋರು ಮಳೆ, ವಿದ್ಯುತ್ ಇಲ್ಲ. ನಾನು ಮೇಲೆ ಹೇಳಿದ ಆ ಶಿಕ್ಷಕಿ ಬಚ್ಚಲಿನಲ್ಲಿ ಜಾರಿ ಬಿದ್ದರು. ಅವರ ಕರೆಗಂಟೆಯ ಸದ್ದು ಕೇಳಿದ್ದು ಗೇಟಿನಲ್ಲಿ ಒಬ್ಬನೇ ಇದ್ದ ತಾವರಗೇರಾದ ಹುಡುಗನಿಗೆ. ಅವನು ಗೇಟು ಬಿಟ್ಟು ಓಡಿದ. ರಸ್ತೆಯಲ್ಲಿ ನೀರು ನಿಂತು ಆಂಬುಲೆನ್ಸ್ ಬರುವುದು ತಡವಾಗುತ್ತದೆಂದು ತಿಳಿದಾಗ, ಹಾಲಿನವಳ ಮಗನನ್ನು ಎಬ್ಬಿಸಿ, ಹಾಲು ಸಾಗಿಸುವ ಗಾಡಿಯಲ್ಲಿ ಹಾಸಿಗೆ ಹಾಸಿ, ಆಕೆಯನ್ನು ಮಲಗಿಸಿ ಆಸ್ಪತ್ರೆಗೆ ಸಾಗಿಸಿದರು. ಸೊಂಟದ ಮೂಳೆ ಮುರಿದಿತ್ತು. ವಿಳಂಬವಾಗದೆ ಬಂದದ್ದು ಒಳ್ಳೆಯದಾಯಿತು ಎಂದು ವೈದ್ಯರು ಹೇಳಿದರಂತೆ.

ಗೇಟು ಬಹಳ ಹೊತ್ತು ಕಾವಲಿಲ್ಲದೆ ಉಳಿದಿತ್ತು. ಕಾವಲು ಸಿಬ್ಬಂದಿಯನ್ನು ಪೂರೈಸುವ ಸಂಸ್ಥೆ ನಮ್ಮ ಸುತ್ತೋಲೆಯನ್ನೇ ಉಲ್ಲೇಖಿಸಿ ಅವನಿಗೆ ನೋಟಿಸು ನೀಡಿ, ಮೂರು ದಿನದ ಸಂಬಳ ಹಿಡಿಯಿತು. ವಿಷಯ ಸಂಘದ ಮುಂದೆ ಬಂತು. ವಿಚಾರಣೆ ನಡೆಸಬೇಕಾದವನು ನಾನು. ಸೇವೆಯಲ್ಲಿದ್ದಾಗ ಎಷ್ಟೋ ಇಲಾಖಾ ವಿಚಾರಣೆಗಳನ್ನು ನಡೆಸಿದವನಿಗೆ ಅಂದು ತಲೆಯೆತ್ತಿ ಆ ಹುಡುಗನ ಮುಖ ನೋಡುವುದು ಕಷ್ಟವಾಯಿತು. ದರಪಟ್ಟಿಯ ಪ್ರಕಾರ ಅವನಿಗೆ ಸಲ್ಲಬೇಕಾದ ಹಣವನ್ನು ಶಿಕ್ಷಕಿಯ ಸಂಬಂಧಿಕರು ಕೊಡಲು ಹೋದಾಗ ಅವನು ಏಕೆ ತೆಗೆದುಕೊಳ್ಳಲಿಲ್ಲ ಎಂದು ಒಬ್ಬರು ಕೇಳಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮವ್ವ ಬಿದ್ದಾಗ ನಾ ಇಲ್ಲಿದ್ದೆರೀ ಸರ. ಓಣ್ಯಾಗಿನ ಮಂದಿ ಎತ್ತಿಗೊಂಡು ದವಾಖಾನಿಗೆ ಒಯ್ದ್ರು. ಅವರಿಗೆ ನಾ ಏನೂ ಕೊಟ್ಟಿಲ್ರೀ’ ಎಂದ.

ಸಭೆಯಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲವೆಂದಲ್ಲ. ಆ ಹೊತ್ತಿನಲ್ಲಿ ಕಳ್ಳರು ಬಂದಿದ್ದರೆ ಗತಿಯೇನು ಎಂದವರ ಮಾತೂ ಅಸಂಗತವಲ್ಲ. ಆದರೆ ರಾತ್ರಿ ಒಬ್ಬನೇ ಕಾವಲುಗಾರನನ್ನು ಇಟ್ಟು ಖರ್ಚು ಉಳಿಸಿದವರು ನಾವು. ನಮ್ಮ ಉಳಿತಾಯದ ದಂಡವನ್ನು ಅವನ ಸಂಬಳದಿಂದ ಕಡಿಯುವುದು ಯಾವ ನ್ಯಾಯ? ಹಿಡಿದ ಸಂಬಳವನ್ನು ಮರಳಿ ಕೊಡಿಸಲಾಯಿತು. ರಾತ್ರಿಪಾಳಿಗೆ ಇಬ್ಬರು ಬಂದರು. ಸುತ್ತೋಲೆಯನ್ನು ಹಿಂದಕ್ಕೆ ಪಡೆಯುವ ನಿರ್ಣಯವನ್ನು ನಾನೇ ಮಂಡಿಸಿದೆ. ಈ ಸಲ ಚಪ್ಪಾಳೆ ಬರಲಿಲ್ಲ.

ಅವನ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಮರುವರ್ಷದ ಜನವರಿಯಲ್ಲಿ ಊರಿನಲ್ಲಿ ಒಂದು ಮದುವೆಗೆ ಹೋಗಬೇಕಿತ್ತು. ಅವನ ತಾಯಿಯನ್ನು ನೋಡಿ ಬರುತ್ತೇನೆಂದು ಹೇಳಿ, ವಿಳಾಸ ಕೇಳಿಕೊಂಡು ಹೊರಟೆ.

ತಾವರಗೇರಾ ಇರುವುದು ಕುಷ್ಟಗಿ, ಗಂಗಾವತಿ, ಸಿಂಧನೂರು, ಮುದಗಲ್ಲುಗಳ ನಡುವೆ. 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೂ, ಆನಂತರ ರಾಯಚೂರು ಜಿಲ್ಲೆಗೂ ಸೇರಿದ್ದ ಈ ಸೀಮೆ 1997ರಲ್ಲಿ ಹೊಸ ಕೊಪ್ಪಳ ಜಿಲ್ಲೆಯ ಭಾಗವಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿ, ಸಿಂಧನೂರುಗಳ ಗದ್ದೆಗಳನ್ನು ಹಸಿರಾಗಿಸಿತು. ಕುಷ್ಟಗಿ ತಾಲ್ಲೂಕು ಮಳೆಯನ್ನೇ ನಂಬಿ ಸಜ್ಜೆ, ಜೋಳ, ತೊಗರಿ ಬಿತ್ತುತ್ತ ಉಳಿಯಿತು. ಪ್ರಾದೇಶಿಕ ಅಸಮಾನತೆಯನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಕುಷ್ಟಗಿ ಇತ್ತು. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಜನ ಗಂಟುಮೂಟೆ ಕಟ್ಟುತ್ತಾರೆ. ನಾನು ಚಿಕ್ಕವನಿದ್ದಾಗ ನಾಟಿಗೂ ಕೊಯ್ಲಿಗೂ ಗಂಗಾವತಿಯ ಕಡೆ ಹೋಗಿ ಹಿಂದಿರುಗುತ್ತಿದ್ದರು. ಈಗ ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಹೋಗುತ್ತಾರೆ, ಹಿಂದಿರುಗುವುದು ಹಬ್ಬಕ್ಕೆ ಮಾತ್ರ. ಊರಿನಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು.

ಒಂದು ಅರ್ಥದಲ್ಲಿ ಆ ಓಣಿಯೂ ಹಿರಿಯ ನಾಗರಿಕರ ವಸತಿ ಸಮುಚ್ಚಯವೇ. ಹಿಡಿಕೆ, ಕರೆಗಂಟೆ, ಗಾಲಿಕುರ್ಚಿಗಳಿಲ್ಲದ ಸಮುಚ್ಚಯ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅರವತ್ತು ವರ್ಷ ಮೀರಿದವರು ಸುಮಾರು 10.4 ಕೋಟಿ; ಅವರಲ್ಲಿ 7.3 ಕೋಟಿ ಜನ ಗ್ರಾಮೀಣರು. 2050ರ ವೇಳೆಗೆ ದೇಶದ ಐವರಲ್ಲಿ ಒಬ್ಬರು ಹಿರಿಯ ನಾಗರಿಕರಾಗಿರುತ್ತಾರೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿ ಅಂದಾಜಿಸಿದೆ. ಪತ್ರಿಕೆಗಳಲ್ಲಿ ವೃದ್ಧಾಪ್ಯವನ್ನು ಕುರಿತು ಬರೆಯುವಾಗ ನಮ್ಮ ಕಣ್ಣೆದುರು ನಿಲ್ಲುವುದು ಮಕ್ಕಳು ಅಮೆರಿಕಕ್ಕೆ ಹೋದ ತಂದೆತಾಯಿ. ಮಕ್ಕಳು ಬೆಂಗಳೂರಿಗೆ ಹೋದ ತಂದೆತಾಯಿಯ ಸಂಖ್ಯೆ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು.

ಆ ತಾಯಿ ಮಾಸಿದ ಇಳಕಲ್ ಸೀರೆಯುಟ್ಟು ಕಟ್ಟೆಯ ಮೇಲೆ ಕುಳಿತು ತೊಗರಿ ಹಸನು ಮಾಡುತ್ತಿದ್ದಳು. ಹತ್ತು ವರ್ಷದ ಮೊಮ್ಮಗಳು ಜೊತೆಯಲ್ಲಿದ್ದಳು. ಅವಳ ತಂದೆತಾಯಿ ಇಬ್ಬರೂ ನಮ್ಮ ಸಮುಚ್ಚಯದ ನೌಕರರು. ‘ಬರ್ರೀ ಅಣ್ಣಾರ, ಕುಂದರ್ರಿ’ ಎಂದು ಚಾಪೆ ಹಾಸಿದಳು. ನೀರು ತರಲು ಹೋಗುವಾಗ ಬಿದ್ದ ಕತೆಯನ್ನು ಬೇರೆ ಯಾರಿಗೋ ಆದದ್ದೆಂಬಂತೆ ಹೇಳಿದಳು. ಓಣಿಯವರು ಟಂಟಂ ಗಾಡಿಯಲ್ಲಿ ಕುಷ್ಟಗಿಗೆ ಕರೆದೊಯ್ದರು. ಮುಂದೆ ಒಂದೂವರೆ ತಿಂಗಳು ಅಜ್ಜಿ, ಮೊಮ್ಮಗಳಿಗೆ ರೊಟ್ಟಿ ಬಂದದ್ದು ಸರದಿಯ ಮೇಲೆ, ಐದಾರು ಮನೆಗಳಿಂದ. ಎದುರಿನ ಮುಸ್ಲಿಂ ಕುಟುಂಬದ ಸೊಸೆ ದಿನವೂ ಬಂದು ಮೈ ತೊಳೆಸಿದಳು. ‘ಹಡೆದ ಮಗಳು ಆಟು ಮಾಡ್ತಿದ್ದಿಲ್ಲ’ ಎಂದು ಆಕೆ ಹೇಳುವಾಗ ಆ ಸೊಸೆ ಅಲ್ಲೇ ನಿಂತು, ‘ಸುಮ್ಮಿರಬೇ ಅತ್ತಿ’ ಎಂದು ಗದರಿಸಿದಳು.

ಪಿಂಚಣಿಯ ವಿಷಯ ಕೇಳಿದೆ, ಅಭ್ಯಾಸಬಲ. ಅರವತ್ತೈದು ವರ್ಷ ಮೀರಿದ ಬಡವರಿಗಾಗಿ ರಾಜ್ಯ ಸರ್ಕಾರ 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯಡಿ ಮೊದಲು ತಿಂಗಳಿಗೆ 400 ರೂಪಾಯಿ ಇದ್ದದ್ದು ಈಗ 1,200 ರೂಪಾಯಿ ಆಗಿದೆ. ಹಣ ಆಕೆಯ ಖಾತೆಗೆ ಬರುತ್ತದೆ. ಆದರೆ ಜೀವಮಾನವಿಡೀ ಕಳೆ ಕಿತ್ತು, ರೊಟ್ಟಿ ಬಡಿದ ಬೆರಳುಗಳ ಗೆರೆಗಳು ಸವೆದುಹೋಗಿವೆ. ಬೆರಳಚ್ಚಿನ ಯಂತ್ರ ಅವನ್ನು ಗುರುತಿಸುವುದಿಲ್ಲ. ಬ್ಯಾಂಕಿಗೆ ಕರೆದುಕೊಂಡು ಹೋಗಿ, ಚೀಟಿ ಬರೆದು, ಹಣ ಎಣಿಸಿ ಕೈಗೆ ಕೊಡುವವಳು ಅದೇ ಎದುರುಮನೆಯ ಸೊಸೆ. ಸೇವೆಯಲ್ಲಿದ್ದಾಗ ನಾನು ಸಹಿ ಮಾಡಿದ ಆದೇಶಗಳಲ್ಲಿ ‘ಫಲಾನುಭವಿ’ ಎಂಬ ಪದ ಎಷ್ಟು ಸಾವಿರ ಸಲ ಬಂದಿತ್ತೋ. ಆ ಫಲಾನುಭವಿಯನ್ನು ಓಣಿಯಿಂದ ಬ್ಯಾಂಕಿನ ಕಿಟಕಿಯವರೆಗೆ ಕೈಹಿಡಿದು ನಡೆಸುವವರ ಹೆಸರು ಯಾವ ಆದೇಶದಲ್ಲಿಯೂ ಇರಲಿಲ್ಲ. ಸರ್ಕಾರದ ಯೋಜನೆಗಳು ಬಾಗಿಲವರೆಗೆ ಬರುತ್ತವೆ, ಹೊಸ್ತಿಲು ದಾಟಿಸುವವರು ನೆರೆಯವರು.

ನಿನ್ನ ಮಗ ಆ ರಾತ್ರಿ ಮಾಡಿದ್ದು ನಿನಗೆ ಗೊತ್ತೇ ಎಂದು ಕೇಳಿದೆ. ಗೊತ್ತಿತ್ತು. ‘ಮುಯ್ಯಾಳು ತೀರ್ಸ್ಯಾನ್ರೀ’ ಎಂದಳು.

ಹೊಸ ತಲೆಮಾರಿನ ಓದುಗರಿಗಾಗಿ ಈ ಪದವನ್ನು ವಿವರಿಸಬೇಕು. ಬಿತ್ತನೆ, ಕಳೆ, ಕೊಯ್ಲುಗಳ ಕಾಲದಲ್ಲಿ ಒಂದು ಮನೆಯವರು ಇನ್ನೊಂದು ಮನೆಯ ಹೊಲಕ್ಕೆ ದುಡಿಯಲು ಹೋಗುವುದು, ಅವರು ಇವರ ಹೊಲಕ್ಕೆ ಬರುವುದು ಮುಯ್ಯಾಳಿನ ಪದ್ಧತಿ. ಕೂಲಿಯಿಲ್ಲ, ಕಾಗದವಿಲ್ಲ. ಲೆಕ್ಕವಿದೆ, ಆದರೆ ಅದು ಸವಕಾಶದ ಲೆಕ್ಕ. ಇಂದು ಬಂದವರಿಗೆ ನಾಳೆಯೇ ತೀರಿಸಬೇಕೆಂದಿಲ್ಲ. ಮನೆಯ ಯಜಮಾನ ಮಲಗಿದ್ದರೆ ಒಂದು ವರ್ಷ ಬಿಟ್ಟೂ ತೀರಿಸಬಹುದು. ಪೂರ್ತಿ ತೀರಿಹೋಗದೆ ಸದಾ ಒಂದಿಷ್ಟು ಬಾಕಿ ಇರುವುದರಿಂದಲೇ ಎರಡು ಮನೆಗಳ ನಡುವೆ ಹೋಗಿಬರುವುದು ಉಳಿಯುತ್ತದೆ. ನನ್ನ ದರಪಟ್ಟಿ ಮಾಡಿದ ತಪ್ಪು ಇದೇ. ಅದು ಪ್ರತಿ ಉಪಕಾರವನ್ನೂ ಆ ಕ್ಷಣದಲ್ಲಿಯೇ ಚುಕ್ತಾ ಮಾಡಿ, ಬಾಕಿಯನ್ನೇ ಇಲ್ಲವಾಗಿಸಿತು.

ಹಳೆಯದನ್ನು ಹೊಗಳಿ ಕುಳಿತುಕೊಳ್ಳುವುದು ನನ್ನ ಉದ್ದೇಶವಲ್ಲ. ಹೊಲವಿದ್ದವರ ನಡುವೆ ಮುಯ್ಯಾಳು ನಡೆಯುತ್ತಿತ್ತು. ಹೊಲವಿಲ್ಲದವನು ಕೂಲಿಯಾಳೇ ಆಗಿದ್ದ. ಜಾತಿಯ ಗೆರೆಗಳನ್ನು ಅದು ಸುಲಭವಾಗಿ ದಾಟುತ್ತಿರಲಿಲ್ಲ. ನನ್ನ ಬಾಲ್ಯದಲ್ಲಿ ಊರಂಚಿನ ಕೇರಿಯವರು ಬಿದ್ದರೆ ನಮ್ಮ ಓಣಿಯವರು ಎತ್ತಲು ಓಡುತ್ತಿದ್ದರೆಂದು ಹೇಳುವ ಧೈರ್ಯ ನನಗಿಲ್ಲ. ಈಗ ದುಡಿಯುವ ವಯಸ್ಸಿನವರು ಊರು ಬಿಟ್ಟಿರುವುದರಿಂದ ಇದ್ದ ಮುಯ್ಯಾಳೂ ಸೊರಗುತ್ತಿದೆ. ರೊಟ್ಟಿ ತಂದುಕೊಟ್ಟ ಐದಾರು ಮನೆಗಳಲ್ಲಿ ಎರಡರ ಬಾಗಿಲಿಗೆ ನಾನು ಹೋದಾಗ ಬೀಗವಿತ್ತು. ಮನೆಯವರು ಗೋವಾಕ್ಕೆ ಹೋಗಿದ್ದರು. ಎದುರುಮನೆಯ ಸೊಸೆಯೂ ನಾಳೆ ಗಂಡನೊಡನೆ ಹೊರಟರೆ ಆ ಅಜ್ಜಿಯನ್ನು ಬ್ಯಾಂಕಿಗೆ ಕರೆದೊಯ್ಯುವವರು ಯಾರು? ಅವಳ ಮಗ ನನ್ನ ಗೇಟಿನಲ್ಲಿ ನಿಂತಿದ್ದಾನೆ. ಅವಳ ಸೊಸೆ ನನ್ನ ಅಂಗಳ ಗುಡಿಸುತ್ತಿದ್ದಾಳೆ. ನಮ್ಮ ವೃದ್ಧಾಪ್ಯ ನೆಮ್ಮದಿಯಿಂದ ಸಾಗುತ್ತಿರುವುದು ಇನ್ನೊಬ್ಬರ ವೃದ್ಧಾಪ್ಯದ ಊರುಗೋಲನ್ನು ಎರವಲು ಪಡೆದು. ಸಂಬಳ ಕೊಡುತ್ತೇವೆ, ನಿಜ. ಆದರೆ ಆ ಎರವಲಿನ ಬೆಲೆ ಸಂಬಳದ ಚೀಟಿಯಲ್ಲಿ ನಮೂದಾಗಿಲ್ಲ.

ಹಾಗಾದರೆ ಮಾಡಬಹುದಾದದ್ದು ಏನು? ಮೊದಲನೆಯದಾಗಿ, ದಯೆಯನ್ನು ಕೂಲಿಗೆ ಬದಲಿಯಾಗಿ ಬಳಸಬಾರದು. ಹೋಳಿಗೆಯ ತಟ್ಟೆಯು ನ್ಯಾಯವಾದ ಸಂಬಳಕ್ಕೆ, ವಾರದ ರಜೆಗೆ, ಭವಿಷ್ಯನಿಧಿಗೆ ಪರ್ಯಾಯವಲ್ಲ. ಅವು ಹಕ್ಕುಗಳು, ಅವನ್ನು ಲೆಕ್ಕ ಬರೆದು, ಚುಕ್ತಾ ಮಾಡಿಯೇ ಕೊಡಬೇಕು. ಲೆಕ್ಕ ಬರೆಯಬೇಕಾದಲ್ಲಿ ಬರೆಯದೆ, ಬರೆಯಬಾರದ ಕಡೆ ಬರೆದದ್ದು ನಮ್ಮ ಸಂಘದ ದೋಷವಾಗಿತ್ತು. ಎರಡನೆಯದಾಗಿ, ನೆರೆಯವರ ಒಳ್ಳೆಯತನ ಸರ್ಕಾರದ ಹೊಣೆಯನ್ನು ಕಡಿಮೆ ಮಾಡುವುದಿಲ್ಲ. ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ 2007ರಲ್ಲಿಯೇ ಬಂದಿದೆ. ಹಿರಿಯರಿಗಾಗಿ 14567 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ನಿವೃತ್ತರ ವಸತಿಗಳನ್ನು ಕುರಿತು ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಮಾರ್ಗಸೂಚಿಯನ್ನೂ ಹೊರಡಿಸಿದೆ. ಬೆರಳಚ್ಚು ಸವೆದ ವೃದ್ಧೆಗೆ ಮನೆಬಾಗಿಲಲ್ಲಿ ಹಣ ತಲುಪಿಸುವ ಏರ್ಪಾಡು ಇವೆಲ್ಲವುಗಳಿಗಿಂತ ಸರಳ ಮತ್ತು ಅಷ್ಟೇ ಅಗತ್ಯ.

ಮೂರನೆಯದು ನಮ್ಮ ಕೈಯಲ್ಲೇ ಇರುವಂಥದು. ನೆರೆಹೊರೆಯ ಕರುಣೆಯನ್ನು ಬೆಲೆ ಕಟ್ಟದೆಯೇ ಸಂಘಟಿಸಬಹುದು ಎಂಬುದಕ್ಕೆ ಪಕ್ಕದ ಕೇರಳದಲ್ಲಿ ನಿದರ್ಶನವಿದೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಸಂಸ್ಥೆಯ ಅನುಭವದಿಂದ, ಮಲಪ್ಪುರಂ ಮೊದಲಾದ ಜಿಲ್ಲೆಗಳಲ್ಲಿ ಊರಿನ ಸ್ವಯಂಸೇವಕರೇ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ನೋಡಿಕೊಳ್ಳುವ ಜಾಲ ಬೆಳೆಯಿತು. 2008ರಲ್ಲಿ ರಾಜ್ಯ ಸರ್ಕಾರ ಅದನ್ನು ನೀತಿಯಾಗಿಯೇ ಅಂಗೀಕರಿಸಿತು. ಅಲ್ಲಿ ವೈದ್ಯರು ಔಷಧ ಕೊಡುತ್ತಾರೆ, ನೆರೆಯವರು ಹೊತ್ತು ಕೊಡುತ್ತಾರೆ.

ನಮ್ಮ ಸಮುಚ್ಚಯ ಮಾಡಿರುವುದು ಅಷ್ಟು ದೊಡ್ಡದೇನಲ್ಲ. ದೂರದ ಊರಿನಲ್ಲಿ ತಂದೆತಾಯಿಯನ್ನು ಬಿಟ್ಟು ಬಂದ ಸಿಬ್ಬಂದಿಗೆ, ಹಬ್ಬದ ರಜೆಯಲ್ಲದೆ, ವರ್ಷಕ್ಕೆ ಹತ್ತು ದಿನ ಸಂಬಳಸಹಿತ ರಜೆ ಕೊಡಲು ನಿರ್ಧರಿಸಿದೆವು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನ ಖರ್ಚು ತಪ್ಪಿದೆ; ತಪ್ಪಬೇಕಿದ್ದದ್ದು ಸಂಬಳ ಕಡಿತದ ಭಯ. ನಿವೃತ್ತ ವೈದ್ಯರು ವಾರಕ್ಕೊಮ್ಮೆ ಸಿಬ್ಬಂದಿಯ ಊರಿನ ಹಿರಿಯರೊಡನೆ ಮೊಬೈಲಿನಲ್ಲಿ ಮಾತನಾಡಿ, ಯಾವ ಮಾತ್ರೆ ಯಾವಾಗ ಎಂದು ತಿಳಿಸುತ್ತಾರೆ. ಪಿಂಚಣಿಯ ಅರ್ಜಿ, ಆಧಾರ್ ತಿದ್ದುಪಡಿ, ಪಡಿತರ ಚೀಟಿಗಳ ಕೆಲಸ ನನ್ನದು. ನಾಲ್ಕು ದಶಕಗಳ ಅನುಭವಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಸೇವೆಯಲ್ಲಿದ್ದಾಗಲೂ ಸಿಕ್ಕಿರಲಿಲ್ಲ. ಹಾಲಿನವಳ ಮಗ ಹೊಸ ಗಾಡಿಗೆ ಸಾಲ ಪಡೆಯಲು ಬ್ಯಾಂಕಿನ ಹಿರಿಯರು ಕಾಗದಪತ್ರ ಸಿದ್ಧಪಡಿಸಿಕೊಟ್ಟರು. ಇದನ್ನು ಯಾರೂ ದಾನವೆಂದು ಕರೆಯುವುದಿಲ್ಲ. ದಾನ ಮೇಲಿನಿಂದ ಕೆಳಗೆ ಇಳಿಯುತ್ತದೆ; ಇಲ್ಲಿ ನಾವು ಬಾಕಿದಾರರು.

ಅಂದು ತಾವರಗೇರಾದಿಂದ ಹೊರಡುವಾಗ ಆ ತಾಯಿ ಒಂದು ಬಟ್ಟೆಯ ಗಂಟು ಕೊಟ್ಟಳು. ಎಳ್ಳು ಹಚ್ಚಿದ ಕಟಿ ಸಜ್ಜಿರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ. ಮಗನಿಗೆ ಕೊಡಲೇ ಎಂದು ಕೇಳಿದೆ. ‘ಅವಗ ಬ್ಯಾರೆ ಅದಾವ್ರೀ. ಇವು ಬಿದ್ದಾರಲ್ಲ, ಆ ಅಕ್ಕೋರಿಗೆ’ ಎಂದಳು. ಬೆಂಗಳೂರಿಗೆ ಬಂದು ಗಂಟನ್ನು ಶಿಕ್ಷಕಿಯ ಕೈಗೆ ಕೊಟ್ಟೆ. ಊರುಗೋಲು ಹಿಡಿದು ನಡೆಯಲು ಕಲಿಯುತ್ತಿದ್ದ ಆಕೆ, ಹಲ್ಲಿಗೆ ಗಟ್ಟಿಯಾದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡು ತಿಂದರು. ಮರುದಿನ ನನ್ನನ್ನು ಕರೆದು, ಆ ಅಜ್ಜಿಯ ಮೊಮ್ಮಗಳು ಎಷ್ಟನೇ ತರಗತಿ ಎಂದು ವಿಚಾರಿಸಿದರು.

ಅಂದಿನಿಂದ ಸಂಜೆ ಆರೂವರೆಗೆ ತಾವರಗೇರಾದ ಎದುರುಮನೆಯ ಸೊಸೆಯ ಮೊಬೈಲು ಅಜ್ಜಿಯ ಕಟ್ಟೆಗೆ ಬರುತ್ತದೆ. ಅರ್ಧ ಗಂಟೆ ಭಿನ್ನರಾಶಿ, ಹತ್ತು ನಿಮಿಷ ಕನ್ನಡ. ಈಗ ಆ ಓಣಿಯ ಇನ್ನೂ ಮೂವರು ಮಕ್ಕಳು ಸೇರಿಕೊಂಡಿದ್ದಾರೆಂದು ಶಿಕ್ಷಕಿ ಹೇಳುತ್ತಾರೆ. ಪಾಠ ಮುಗಿದ ಮೇಲೆ ಅಜ್ಜಿ ಮೊಬೈಲು ಇಸಿದುಕೊಂಡು ದಿನವೂ ಒಂದೇ ಪ್ರಶ್ನೆ ಕೇಳುತ್ತಾಳಂತೆ: ‘ಅಕ್ಕೋರ, ಕಾಲು ಹೆಂಗದಾವ್ರೀ?’ ಇವರೂ ಅದೇ ಪ್ರಶ್ನೆಯನ್ನು ಹಿಂದಿರುಗಿಸುತ್ತಾರೆ. ಇಬ್ಬರೂ ಇನ್ನೂ ಒಬ್ಬರನ್ನೊಬ್ಬರು ನೋಡಿಲ್ಲ.